ಆಟಿ ಪಾಯಸ ಮತ್ತು ಅಕ್ಕನ ಕವಾಟ

ಒಂದು ಕಡೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಮಗ್ಗೆಯ ನಮ್ಮ ಮನೆಯಲ್ಲಿ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಊಟಕ್ಕೆ ಕೂತರೆ ನಡುವೆ ಎದ್ದುಬಿಡುತ್ತಿದ್ದೆ. ಬಸ್ಸಿಗೆ ಕಾಯಲಾಗದೆ ಅದು ಬರುವ ದಿಕ್ಕಿಗೇ ನಡೆದು ಹಿಂದಿನ ಸ್ಟಾಪಿನಲ್ಲಿ ಹತ್ತುತ್ತಿದ್ದೆ. ಅಂಥವಳಿಗೆ ಡಿಪ್ಲೊಮಾ ಮುಗಿದ ಮೇಲೆ ಸಿಕ್ಕಿದ ಕೆಲಸವೆಂದರೆ, ದೂರದ ಊರಿನ ಪ್ರಯೋಗಶಾಲೆಯೊಂದರಲ್ಲಿ ನೀರಿನ ತೊಟ್ಟಿಯ ಮುಂದೆ ಕೂತು ಒಂದು ಪಂಪು ಬಡಿದುಕೊಳ್ಳುವುದನ್ನು ನೋಡುತ್ತಿರುವುದು. ತೊಂಬತ್ತರ ದಶಕದ ನಡುವಿನ ವರ್ಷಗಳವು. ಮೆಕ್ಯಾನಿಕಲ್ ಓದಿದ ಹುಡುಗಿ ಎಂದರೆ ಜನ ಇನ್ನೂ ತಿರುಗಿ ನೋಡುತ್ತಿದ್ದರು.

ರಜೆಗೆ ಊರಿಗೆ ಬಂದರೆ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು. ಹೃದಯ ಮಾಡುತ್ತಿದ್ದೀಯಂತಲ್ಲ, ಎಲ್ಲಿಗೆ ಬಂತು? ಹೊಸ ಮನೆಯ ಕೆಲಸ ಗಿಲಾವಿಗೆ ಬಂತಾ ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು. ನಾವು ಮಾಡುತ್ತಿದ್ದುದು ಪೂರಾ ಹೃದಯವಲ್ಲ, ಸೋತ ಹೃದಯದ ಪಕ್ಕದಲ್ಲಿ ನಿಂತು ಅದರ ಅರ್ಧ ಹೊರೆ ಹೊರುವ ಒಂದು ಪಂಪು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು. ಒಳಗೊಂದು ತೆಳುವಾದ ಪೊರೆ, ಬರುವ ದಾರಿಗೊಂದು ಹೋಗುವ ದಾರಿಗೊಂದು ಕವಾಟ. ಆಚೆಯಿಂದ ಗಾಳಿ ಒತ್ತಿದರೆ ಪೊರೆ ಉಬ್ಬಿ ಒಳಗಿದ್ದದ್ದನ್ನು ತಳ್ಳುತ್ತದೆ, ಗಾಳಿ ಎಳೆದರೆ ಮತ್ತೆ ತುಂಬಿಕೊಳ್ಳುತ್ತದೆ. ರಕ್ತದ ಬದಲು ಗ್ಲಿಸರಿನ್ ಬೆರೆಸಿದ ನೀರು ಹಾಕಿ ಅದನ್ನು ಹಗಲೂ ರಾತ್ರಿ ಓಡಿಸುತ್ತಿದ್ದೆವು. ಎಲ್ಲಿ ಸವೆಯುತ್ತದೆ, ಎಲ್ಲಿ ಸೀಳುತ್ತದೆ, ಸದ್ದು ಯಾವಾಗ ಬದಲಾಗುತ್ತದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಮೇಲಿನವರು ನಗುತ್ತಿದ್ದರು. ನಗಲಿ ಎಂದುಕೊಂಡು ಕೇಳುತ್ತಿದ್ದೆ.

ನೀರು ಸಾಧು. ತಲೆನೋವೆಲ್ಲ ರಕ್ತದ್ದು. ಅದು ತನ್ನದಲ್ಲದ ವಸ್ತುವನ್ನು ಕಂಡ ಕೂಡಲೇ ಹೆಪ್ಪುಗಟ್ಟಲು ನೋಡುತ್ತದೆ. ಪಂಪಿನ ಯಾವುದಾದರೂ ಮೂಲೆಯಲ್ಲಿ ಒಂದಿಷ್ಟು ಹೊತ್ತು ನಿಂತರೂ ಸಾಕು, ಅಲ್ಲೇ ಗಂಟಾಗಿ ಕೂರುತ್ತದೆ. ಆ ಗಂಟು ಕಿತ್ತುಕೊಂಡು ತಲೆಗೆ ಹೋಗಬಹುದು, ಇಲ್ಲವೇ ಕವಾಟಕ್ಕೆ ಅಂಟಿ ಅದನ್ನು ಅಲುಗದಂತೆ ಮಾಡಬಹುದು. ಅದಕ್ಕೇ ಪಂಪಿನ ಮೂಲೆಗಳನ್ನೆಲ್ಲ ತಿದ್ದಿ ತೀಡಿ ನುಣುಪು ಮಾಡುತ್ತಿದ್ದೆವು. ನಿಂತರೆ ಕೆಡುವ ಬುದ್ಧಿ ಅದಕ್ಕೂ ಇದೆ ಎಂದು ಗೊತ್ತಾದ ಮೇಲೆ ರಕ್ತದ ಮೇಲೆ ನನಗೆ ಒಂದು ಬಗೆಯ ಮಮತೆಯೇ ಹುಟ್ಟಿತ್ತು.

ನಾನು ಆ ಕೆಲಸಕ್ಕೆ ಹಟ ಹಿಡಿದು ಹೋದದ್ದು ಅಕ್ಕನಿಂದಾಗಿ. ಚಿಕ್ಕಂದಿನಲ್ಲಿ ಅವಳಿಗೆ ಕೀಲುಗಳೆಲ್ಲ ಬಾತು ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಆದರೆ ಹೋಗುವಾಗ ಎದೆಯೊಳಗಿನ ಒಂದು ಕವಾಟವನ್ನು ಕೆಡಿಸಿ ಹೋಯಿತು. ಅದು ಗೊತ್ತಾದದ್ದು ಮದುವೆಯಾಗಿ ಬೆಳಗೋಡಿನಾಚೆಯ ಮನೆಗೆ ಹೋದ ಮೇಲೆ. ತೋಟದ ಏರು ಹತ್ತುವಾಗ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಬೆಂಗಳೂರಿನಲ್ಲಿ ಎದೆ ತೆರೆದು ಕೆಟ್ಟದ್ದನ್ನು ತೆಗೆದು ಲೋಹದ ಬಳೆಯೊಳಗೆ ಬಿಲ್ಲೆ ಆಡುವ ಕವಾಟ ಕೂರಿಸಿದರು. ಅವಳ ಪಕ್ಕ ಕೂತರೆ ಟಿಕ್ ಟಿಕ್ ಎಂದು ಕೇಳುತ್ತಿತ್ತು. ಗಡಿಯಾರ ನುಂಗಿದ ಸೊಸೆ ಎಂದು ಕೆಲಸದ ಹೆಂಗಸರು ತಮಾಷೆ ಮಾಡಿದರೆ ಅಕ್ಕನೂ ಜೊತೆಗೆ ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ತೊಟ್ಟಿಯ ಮುಂದೆ ಕೇಳುವ ಸದ್ದೇ ರಜೆಯಲ್ಲೂ ಬೆನ್ನು ಹತ್ತಿ ಬಂದಿದೆ ಎನ್ನಿಸಿ, ಅವಳ ಜೊತೆ ಕೂತಾಗಲೂ ಕಾಲು ಕುಣಿಸುತ್ತಲೇ ಇರುತ್ತಿದ್ದೆ.

ಕವಾಟದ ಜೊತೆಗೆ ಬಂದದ್ದು ಒಂದು ಮಾತ್ರೆ. ರಕ್ತ ಗಂಟಾಗದಂತೆ ದಿನಾ ತಪ್ಪದೆ ನುಂಗಬೇಕು, ಬದುಕಿರುವ ತನಕ. ಹೆಚ್ಚಾದರೆ ಮೂಗಿನಲ್ಲಿ, ವಸಡಿನಲ್ಲಿ, ಮೂತ್ರದಲ್ಲಿ ರಕ್ತ. ಕಡಿಮೆಯಾದರೆ ಕವಾಟಕ್ಕೆ ಗಂಟು. ಮಾತ್ರೆಗೆ ಸೊಪ್ಪು ಆಗಿಬರುವುದಿಲ್ಲ, ಅದರ ಶಕ್ತಿ ಮುರಿಯುತ್ತದೆ, ಸೊಪ್ಪು ಜಾಸ್ತಿ ಬೇಡ ಎಂದು ಬೆಂಗಳೂರಿನ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ್ದರು. ಜಾಸ್ತಿ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ. ನಮ್ಮ ಭಾವನೋ ದೇವರಂಥ ಮನುಷ್ಯ, ಆದರೆ ಭಯಸ್ಥ. ಜಾಸ್ತಿ ಯಾವುದು ಕಡಿಮೆ ಯಾವುದು ಎಂದು ಯಾರಿಗೆ ಗೊತ್ತು, ಸೊಪ್ಪಿನ ಸಹವಾಸವೇ ಬೇಡ ಎಂದು ತೀರ್ಮಾನಿಸಿಬಿಟ್ಟರು. ಅಕ್ಕನ ಅತ್ತೆಯಂತೂ ತಮ್ಮ ಮಗನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಡುಗೆಮನೆಯಲ್ಲಿ ಅವಳ ಸಾರಿಗೆ ಬೇರೆ ಪಾತ್ರೆ, ಬೇರೆ ಸೌಟು ಮಾಡಿದರು. ಸೊಪ್ಪಿನ ಸೌಟು ಅದಕ್ಕೆ ತಾಗಬಾರದು.

ಆ ಕಡೆಯ ಮನೆಗಳಲ್ಲಿ ಮಳೆಗಾಲ ಪೂರ್ತಿ ಒಲೆಯ ಮೇಲೆ ಸೊಪ್ಪೇ ಇರುತ್ತದೆ. ಕೆಸುವಿನ ಎಲೆ, ಗಣಿಕೆ, ಹೊನಗೊನ್ನೆ, ಬೇಲಿಯಲ್ಲಿ ಕೈಗೆ ಸಿಕ್ಕಿದ್ದು. ಎಲ್ಲರ ತಟ್ಟೆಗೂ ಬಿಸಿ ಬಸ್ಸಾರು, ಪಲ್ಯ, ಅಕ್ಕಿ ರೊಟ್ಟಿ. ಅಕ್ಕನ ತಟ್ಟೆಗೆ ಬೇಳೆ ಸಾರು, ಆಲೂಗಡ್ಡೆ. ಅನುಮಾನಕ್ಕೆ ಎಡೆ ಬೇಡವೆಂದು ಕಳಲೆಯನ್ನೂ ಅಣಬೆಯನ್ನೂ ನಿಲ್ಲಿಸಿದ್ದರು. ಅವಳು ಪಕ್ಕದ ತಟ್ಟೆಯ ಕಡೆ ನೋಡದೆ ಬೇಗಬೇಗ ಉಂಡು ಏಳುತ್ತಿದ್ದಳು. ನನ್ನ ಅಕ್ಕ ಮೊದಲು ಹಾಗೆ ಉಣ್ಣುವವಳೇ ಅಲ್ಲ. ಬೆರಳು ಚೀಪುತ್ತ, ಮಾತಾಡುತ್ತ, ಕೈ ಒಣಗುವ ತನಕ ಕೂರುತ್ತಿದ್ದವಳು. ನಾನೊಮ್ಮೆ, ಡಾಕ್ಟರು ಜಾಸ್ತಿ ಬೇಡ ಅಂದದ್ದು, ಪೂರ್ತಿ ಬಿಡು ಅಂದಿಲ್ಲವಲ್ಲ ಎಂದು ಬಾಯಿ ಹಾಕಿದ್ದಕ್ಕೆ ಭಾವ ಮೆತ್ತಗೆ, ನಿನ್ನ ಪಂಪಿನಲ್ಲಿ ಬೇಕಾದರೆ ಪ್ರಯೋಗ ಮಾಡಮ್ಮ ಎಂದಿದ್ದರು.

ಕವಾಟ ಕೂರಿಸಿದ ಮೇಲಿನ ಮೂರನೇ ಮಳೆಗಾಲವದು. ಆ ವರ್ಷ ಗೌರಿ ಹಬ್ಬಕ್ಕೆ ನನಗೆ ರಜೆ ಸಿಕ್ಕಿತು. ಪ್ರಯೋಗಶಾಲೆಯಲ್ಲಿ ಪಂಪಿನ ಪೊರೆ ಮೂರನೇ ಸಲ ಸೀಳಿ ಎಲ್ಲರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದ ಸಮಯ. ತಪ್ಪಿಸಿಕೊಂಡರೆ ಸಾಕೆಂದು ಹೊರಟೆ. ಸಕಲೇಶಪುರದಲ್ಲಿ ಇಳಿದಾಗ ಹೇಮಾವತಿ ಕೆಂಪಗೆ ತುಂಬಿ ಹೋಗುತ್ತಿತ್ತು. ಬೆಳಗೋಡಿನ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಸ್ಟ್ಯಾಂಡಿನ ಉದ್ದಕ್ಕೂ ಹೋಗಿ ಬಂದು ಮಾಡುತ್ತಿದ್ದುದನ್ನು ನೋಡಿ ಸೊಪ್ಪು ಮಾರುವ ಹೆಂಗಸೊಬ್ಬಳು, ಕೂತ್ಕೊಳವ್ವ, ನೀ ನಡೆದ್ರೆ ಬಸ್ ಬತ್ತದಾ ಎಂದು ಗದರಿಸಿದಳು.

ಅಕ್ಕನ ಮನೆ ಮುಟ್ಟಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಅವಳು ಜಗುಲಿಯಲ್ಲಿ ಎರಡು ದಿಂಬು ಬೆನ್ನಿಗೆ ಕೊಟ್ಟುಕೊಂಡು ಕೂತಿದ್ದಳು. ಎದ್ದು ಬರಲಿಲ್ಲ. ಕಾಲು ಸ್ವಲ್ಪ ಊದಿದ ಹಾಗಿತ್ತು. ನೆಗಡಿ ಎದೆಗಿಳಿದಿದೆ ಅಷ್ಟೇ ಎಂದಳು, ಆ ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಂಡು. ನಾನು ಬಗ್ಗಿ ಅವಳನ್ನು ಅಪ್ಪಿಕೊಂಡೆ. ಕಿವಿ ಎದೆಗೆ ತಾಗಿತು.

ಟಿಕ್ ಸದ್ದಿರಲಿಲ್ಲ. ಪೂರ್ತಿ ಇಲ್ಲವೆಂದೂ ಅಲ್ಲ. ತಟ್ಟೆಯ ಮೇಲೆ ಚಮಚ ಬಡಿದಂತೆ ಕೇಳುತ್ತಿದ್ದದ್ದು ಈಗ ಮಡಚಿದ ಬಟ್ಟೆಯ ಮೇಲೆ ಬಡಿದಂತೆ ಕೇಳುತ್ತಿತ್ತು. ತೊಟ್ಟಿಯ ಮುಂದೆ ಅಂಥ ಸದ್ದು ಕೇಳಿದರೆ ನಾನು ಕೂಗು ಹಾಕಿ ಪಂಪು ನಿಲ್ಲಿಸುತ್ತಿದ್ದೆ. ಕವಾಟಕ್ಕೆ ಏನೋ ಅಂಟಿದೆ, ಬಿಲ್ಲೆ ಪೂರ್ತಿ ಆಡುತ್ತಿಲ್ಲ ಎಂದು ಅದರ ಅರ್ಥ. ಇಲ್ಲಿ ನಿಲ್ಲಿಸುವ ಹಾಗಿಲ್ಲ.

ಮಾತ್ರೆ ನುಂಗುತ್ತಿದ್ದೀಯಾ ಎಂದು ಕೇಳಿದೆ. ಅವಳು ಅಂಗಳದ ಕಡೆ ನೋಡಿದಳು. ಉತ್ತರ ಕೊಟ್ಟವರು ಭಾವ. ಅದೊಂದು ದೊಡ್ಡ ಕಥೆ ಎಂದು ಬೆತ್ತದ ಕುರ್ಚಿ ಎಳೆದುಕೊಂಡು ಕೂತು, ದೊಡ್ಡ ಗಂಡಾಂತರದಿಂದ ಪಾರಾದವರ ಧಾಟಿಯಲ್ಲಿ ಹೇಳಿದರು.

ಅವರ ತಾಯಿ ಶನಿವಾರಸಂತೆ ಕಡೆಯವರು. ಕೊಡಗಿನ ಮಗ್ಗುಲಿನ ಊರುಗಳಂತೆ ಅಕ್ಕನ ಮನೆಯಲ್ಲೂ ಆಟಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟಿನ ಮೊದಲಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಆ ಗಿಡಕ್ಕೆ ಹದಿನೆಂಟು ಬಗೆಯ ಮದ್ದಿನ ಗುಣ ಕೂಡಿ ಬರುತ್ತದೆ ಎಂದು ನಂಬಿಕೆ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗಿ ಮನೆಯಿಡೀ ಘಮ್ಮೆನ್ನುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕುತ್ತಾರೆ. ತಿಂದವರ ಮೂತ್ರ ಮಾರನೇ ದಿನ ಕೆಂಪಗೆ ಹೋಗುತ್ತದೆ. ಅದೂ ಹಬ್ಬದ ಒಂದು ಭಾಗವೇ, ಮದ್ದು ಮೈಗೆ ಹತ್ತಿತಾ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡು ನಗುತ್ತಾರೆ. ಈ ಸಲವೂ ಮಾಡಿದ್ದರು. ಅಕ್ಕನಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಬರೀ ಅಕ್ಕಿಯ ಬಿಳಿ ಪಾಯಸ. ಮಾರನೇ ಬೆಳಿಗ್ಗೆ ಬಚ್ಚಲಿಗೆ ಹೋದ ಅತ್ತೆ, ಆಗಷ್ಟೇ ಸೊಸೆ ಎದ್ದುಹೋದ ಜಾಗ ಕೆಂಪಗಿರುವುದನ್ನು ಕಂಡು ಬೊಬ್ಬೆ ಹೊಡೆದರು.

ಎಲ್ಲರದ್ದೂ ಕೆಂಪಗಿದ್ದರೆ ಅದು ಪಾಯಸ. ಪಾಯಸ ಮುಟ್ಟದವಳದ್ದು ಕೆಂಪಗಿದ್ದರೆ ಅದು ರಕ್ತವಲ್ಲದೆ ಇನ್ನೇನು? ಭಾವನ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಮಾತ್ರೆ ಹೆಚ್ಚಾಗಿದೆ ಎಂದು ಆವತ್ತೇ ನಿಲ್ಲಿಸಿದರು. ಮಳೆಗೆ ಮರ ಬಿದ್ದು ಫೋನು ಸತ್ತಿತ್ತು, ಬೆಂಗಳೂರಿನವರನ್ನು ಕೇಳುವ ಹಾಗಿರಲಿಲ್ಲ. ಮಾರನೇ ದಿನಕ್ಕೆಲ್ಲ ಮೂತ್ರ ತಿಳಿಯಾಯಿತು. ನಿಲ್ಲಿಸಿದ್ದಕ್ಕೇ ನಿಂತಿತು ಎಂದು ಮನೆಯವರಿಗೆಲ್ಲ ಖಾತ್ರಿಯಾಯಿತು. ಗೌರಿ ಹಬ್ಬ ಮುಗಿಸಿಕೊಂಡು ಬೆಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಯೇ ಮತ್ತೆ ಶುರು ಮಾಡುವುದೆಂದು ಇದ್ದರು. ಹಾಗೆ ವಾರಗಳು ಕಳೆದಿದ್ದವು.

ನನಗೆ ತಡೆಯಲಾಗಲಿಲ್ಲ. ನೀವೆಲ್ಲ ಸೇರಿ ಅವಳನ್ನು ಕೊಲ್ಲುತ್ತಿದ್ದೀರಿ ಎಂದು ಕಿರುಚಿಬಿಟ್ಟೆ. ಅತ್ತೆ ಒಳಗಿನಿಂದ ಓಡಿ ಬಂದರು. ಭಾವ ಬಿಳಿಚಿಕೊಂಡು ನಿಂತರು. ಆ ಮನುಷ್ಯನೆದುರು ನಾನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಎರಡನೇ ಮಾತು ಆಡಿಸಿಕೊಳ್ಳದೆ ಪಕ್ಕದ ಎಸ್ಟೇಟಿಗೆ ಓಡಿಹೋಗಿ ಜೀಪು ತಂದರು.

ಹಾಸನದಲ್ಲಿ ಎದೆಗೆ ಕೊಳವೆಯಿಟ್ಟು ಕೇಳಿದ ಡಾಕ್ಟರು ಕೂರಲೂ ಬಿಡದೆ ಮೈಸೂರಿಗೆ ಕಳಿಸಿದರು. ಅಕ್ಕನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ನನ್ನ ಭುಜಕ್ಕೆ ಒರಗಿ ಕೂತೇ ಬಂದಳು. ಮುಂದಿನ ಸೀಟಿನಿಂದ ಭಾವ ಗಳಿಗೆಗೊಮ್ಮೆ ತಿರುಗಿ ನೋಡುತ್ತಿದ್ದರು. ಹೊಳೆನರಸೀಪುರ ದಾಟಿದ ಮೇಲೆ ಅವಳು ನನ್ನ ಕೈ ಹಿಸುಕಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಭಾವ ಮತ್ತೆ ತಿರುಗಿದರು. ಅವಳು ಬಾಯಿ ಮುಚ್ಚಿಕೊಂಡಳು. ಉಸಿರು ಉಳಿಸಿಕೊಳ್ಳಲಿ ಎಂದು ನಾನೂ ಕೇಳಲಿಲ್ಲ. ಜೀಪು ಎಷ್ಟು ಓಡಿದರೂ ನಿಂತಲ್ಲೇ ನಿಂತಂತೆ ಅನ್ನಿಸಿ, ಇಳಿದು ಹಿಂದಿನಿಂದ ತಳ್ಳಬೇಕೆನ್ನುವ ಹುಚ್ಚು ಏಳುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದವರು ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದ ಒಬ್ಬ ವಯಸ್ಸಾದ ಡಾಕ್ಟರು. ಯಂತ್ರದ ಪರದೆಯ ಮೇಲೆ ಅಕ್ಕನ ಹೃದಯ ನೋಡಿ ನಮ್ಮಿಬ್ಬರನ್ನು ಅವಳ ಮಂಚದ ಬಳಿಗೇ ಕರೆದರು. ಬಿಲ್ಲೆ ಅರ್ಧ ಸಿಕ್ಕಿಕೊಂಡಿದೆ, ಗಂಟು ಬೆಳೆದರೆ ಉಳಿಯುವುದಿಲ್ಲ ಎಂದರು. ಮತ್ತೆ ಎದೆ ತೆರೆಯಲು ಈ ಸ್ಥಿತಿಯಲ್ಲಿ ಅವಳ ಮೈ ತಡೆಯುವುದು ಕಷ್ಟ. ಗಂಟನ್ನು ಕರಗಿಸುವ ಒಂದು ಔಷಧವಿದೆ, ರಕ್ತನಾಳಕ್ಕೆ ಹನಿಹನಿಯಾಗಿ ಬಿಡಬೇಕು. ಆದರೆ ಅದು ಗಂಟು ಎಲ್ಲಿದ್ದರೂ ಕರಗಿಸುತ್ತದೆ. ಮೈಯೊಳಗೆ ಇತ್ತೀಚೆಗೆ ಎಲ್ಲಾದರೂ ರಕ್ತ ಸೋರಿ ನಿಂತಿದ್ದರೆ ಅದು ಮತ್ತೆ ಸೋರಲು ಶುರುವಾಗುತ್ತದೆ, ಆಗ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಹೀಗೆ ಹೇಳಿ, ಈಚೆಗೆ ರಕ್ತ ಏನಾದರೂ ಹೋಗಿತ್ತಾ ಎಂದು ಕೇಳಿದರು.

ಹೋಗಿತ್ತು ಎಂದರು ಭಾವ. ಮೂತ್ರದಲ್ಲಿ, ಕೆಂಪಗೆ, ಅವರ ತಾಯಿಯೇ ಕಣ್ಣಾರೆ ಕಂಡದ್ದು. ಡಾಕ್ಟರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. ಹಾಗಾದರೆ ಕೊಡುವ ಹಾಗಿಲ್ಲ, ಆಪರೇಷನ್ನಿಗೇ ಹೋಗೋಣ, ದೇವರಿದ್ದಾನೆ ಎಂದರು. ಡಾಕ್ಟರು ದೇವರ ಹೆಸರು ಎತ್ತಿದರೆ ನನಗೆ ಎಲ್ಲಿಲ್ಲದ ಭಯ. ನಾನು ಮಂಚದ ಕಂಬಿ ಹಿಡಿದುಕೊಂಡೆ.

ಆಗ ಅಕ್ಕ ಮೂಗಿನ ಮೇಲಿದ್ದ ಆಮ್ಲಜನಕದ ಮುಸುಕನ್ನು ಕೈಯಲ್ಲಿ ಸರಿಸಿದಳು.

"ರಕ್ತ ಅಲ್ಲ ಸಾರ್," ಎಂದಳು. "ಪಾಯಸ ತಿಂದಿದ್ದೆ."

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಭಾವನಿಗೆ ತಿಳಿಯಿತು. ಅವರು ಅಕ್ಕನನ್ನೇ ನೋಡುತ್ತ ನಿಂತರು. ಅಕ್ಕ ಮಾತು ಮಾತಿಗೂ ನಿಂತು, ಅವರ ಮುಖ ನೋಡದೆ, ಸೂರಿನ ಕಡೆ ನೋಡುತ್ತ ಹೇಳಿದಳು. ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆ ತೊಳೆಯಲು ಹೋದಾಗ ತಳದಲ್ಲಿ ಒಂದಿಷ್ಟು ಪಾಯಸ ಉಳಿದಿತ್ತು. ವಾಸನೆ ತಡೆಯಲಾಗಲಿಲ್ಲ. ಒಲೆಯ ಹಿಂದೆ ಬಗ್ಗಿ ಕೂತು ಬೆರಳಲ್ಲಿ ಬಳಿದು ತಿಂದಳು. ಬೆಳಿಗ್ಗೆ ಅತ್ತೆ ಕೂಗಿಕೊಂಡಾಗ ಹೇಳಲು ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಮನೆಮಂದಿಯೆಲ್ಲ ತನಗಾಗಿ ಇಷ್ಟು ಕಟ್ಟುನಿಟ್ಟಾಗಿರುವಾಗ ಕದ್ದು ತಿಂದೆ ಎಂದು ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡಳು. ಅಷ್ಟರಲ್ಲಿ ಮಾತ್ರೆ ನಿಂತೇಹೋಗಿತ್ತು.

ಡಾಕ್ಟರು ಭಾವನ ಕಡೆ ತಿರುಗಿದರು. ಆ ಪಾಯಸದಿಂದ ಮೂತ್ರ ನಿಜವಾಗಿ ಕೆಂಪಾಗುತ್ತದಾ?

"ಎಲ್ರಿಗೂ ಆಯ್ತದೆ ಸಾರ್. ನಂಗೂ ಆಗಿತ್ತು," ಎಂದರು ಭಾವ. "ಮಾರನೇ ದಿನಕ್ಕೆ ಹೋಗ್ಬುಡ್ತದೆ."

ಬೇರೆ ಎಲ್ಲಾದರೂ ರಕ್ತ? ಮೂಗು, ವಸಡು, ಮಲ? ಇಲ್ಲ, ಇಲ್ಲ, ಇಲ್ಲ. ಡಾಕ್ಟರು ಮೂತ್ರ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ತಮ್ಮ ಮನಸ್ಸಿಗೂ ಸಮಾಧಾನ ಮಾಡಿಕೊಂಡು ಸಂಜೆಯ ಹೊತ್ತಿಗೆ ಔಷಧ ಶುರು ಮಾಡಿದರು.

ಕಾಯುವ ಕೆಲಸವನ್ನು ನಾನು ಹೇಗೆ ಮಾಡಿದೆನೋ ಹೇಳಲಾರೆ. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆದೆ. ಎರಡು ಸಲ ಕಾಫಿ ತಂದು ಕುಡಿಯದೆ ಎಲ್ಲೋ ಇಟ್ಟು ಮರೆತೆ. ಪ್ರಯೋಗಶಾಲೆಯ ಪಂಪುಗಳೆಲ್ಲ ತಲೆಯೊಳಗೆ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಭಾವ ಒಂದೇ ಬೆಂಚಿನಲ್ಲಿ, ಒಂದೇ ಭಂಗಿಯಲ್ಲಿ, ಎರಡು ಕೈಯನ್ನೂ ಮಂಡಿಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು. ಅವರ ಮೇಲೆ ಕೋಪ ಬರಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಹೆಂಡತಿಗೆ ಏನೂ ಆಗದಿರಲಿ ಎಂದು ಅಷ್ಟು ಕಾವಲು ಕಾದಿದ್ದರು, ಆ ಕಾವಲೇ ಅವಳ ಬಾಯಿ ಕಟ್ಟಿತ್ತು. ಅದು ಅವರಿಗೂ ಹೊಳೆದಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಮಾರನೇ ದಿನ ಮಧ್ಯಾಹ್ನ ಒಳಗೆ ಬಿಟ್ಟರು. ಅಕ್ಕ ಒಂದೇ ದಿಂಬಿನ ಮೇಲೆ ಮಲಗಿದ್ದಳು. ಬಳಿಗೆ ಹೋಗುವ ಮೊದಲೇ ನನಗೆ ಕೇಳಿಸಿತು, ಟಿಕ್ ಟಿಕ್ ಎಂದು, ಮೊದಲಿನ ಹಾಗೆ ಸ್ಪಷ್ಟವಾಗಿ. ಯಾವ ಸದ್ದಿನಿಂದ ರಜೆಯಲ್ಲೂ ಓಡಿಹೋಗಬೇಕು ಎನ್ನಿಸುತ್ತಿತ್ತೋ ಅದನ್ನು ಕೇಳಿ ನಾನು ಅತ್ತುಬಿಟ್ಟೆ.

ಡಾಕ್ಟರು ಪರದೆಯ ಮೇಲೆ ಬಿಲ್ಲೆ ಪೂರ್ತಿ ಆಡುವುದನ್ನು ನೋಡಿ ಸಂತೋಷಪಟ್ಟರು. ಮಾತ್ರೆಯ ವಿಷಯವನ್ನೆಲ್ಲ ಮೊದಲಿನಿಂದ ಭಾವನಿಗೆ ಬಿಡಿಸಿ ಹೇಳಿದರು. ಕೆಂಪು ಕಂಡರೂ ಸರಿ, ಕಪ್ಪು ಕಂಡರೂ ಸರಿ, ಕೇಳದೆ ನಿಲ್ಲಿಸಬೇಡಿ, ಅಂದೇ ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಅಕ್ಕನ ಕಡೆ ತಿರುಗಿ, ಅಲ್ಲಮ್ಮ, ಎಷ್ಟು ತಿಂದಿದ್ದಿ ಆ ಪಾಯಸ ಎಂದು ನಗುತ್ತ ಕೇಳಿದರು. ಪಾತ್ರೆಯ ತಳದಲ್ಲಿದ್ದಷ್ಟು ಎಂದಳು.

"ಅಷ್ಟಕ್ಕೆ ಏನೂ ಆಗೋದಿಲ್ಲ. ಕದ್ದು ಯಾಕೆ ತಿಂದೆ? ಸೊಪ್ಪನ್ನೂ ತಿನ್ನಬಹುದು. ದಿನಾ ಸ್ವಲ್ಪ, ದಿನಾ ಅಷ್ಟೇ. ಒಂದು ದಿನ ರಾಶಿ, ಒಂದು ದಿನ ಏನೂ ಇಲ್ಲ, ಹಾಗೆ ಮಾಡಬಾರದು ಅಷ್ಟೆ. ನೀನು ತಿನ್ನೋದಕ್ಕೆ ಸರಿಯಾಗಿ ಮಾತ್ರೆ ಎಷ್ಟು ಅಂತ ನಾವು ನೋಡ್ಕೋತೀವಿ. ಪೂರ್ತಿ ಬಿಡು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಎದೆ ತೆರೆದಾಗ ಅಳದವಳು, ಡಾಕ್ಟರು ಮಂಚದ ಪಕ್ಕದಲ್ಲಿ ಸಾವಿನ ಮಾತಾಡಿದಾಗ ಅಳದವಳು, ಅಕ್ಕ ಆಗ ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈ ಅಲುಗುವ ಹಾಗೆ ಅತ್ತಳು. ಭಾವ ಅವಳ ಕಾಲಿನ ಬಳಿ ನಿಂತು ಹೊದಿಕೆಯ ತುದಿಯನ್ನು ಎಳೆದು ಸರಿ ಮಾಡುತ್ತಿದ್ದರು. ಸರಿಯಾಗಿದ್ದ ಹೊದಿಕೆಯನ್ನೇ ಮತ್ತೆ ಮತ್ತೆ ಸರಿ ಮಾಡುತ್ತಿದ್ದರು.

"ಮೂರು ಮಳೆಗಾಲ ಹೋಗ್ಬುಡ್ತು ಕಣ್ರೀ," ಎಂದಳು ಅವರಿಗೆ. ಅಷ್ಟೇ ಅಂದಳು. ಭಾವ ತಲೆಯಾಡಿಸಿ ಹೊರಗೆ ಹೋದರು.

ಅಳು ನಿಂತ ಮೇಲೆ ನಾನು ಹೊರಡಲು ಎದ್ದೆ. ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಅಕ್ಕ ಕೈ ಹಿಡಿದು ಮಂಚದ ಅಂಚಿಗೆ ಕೂರಿಸಿದಳು. ನೀವು ಮಾಡುತ್ತಿರುವ ಆ ಪಂಪನ್ನು ಎದೆಗೆ ಹಾಕಿಸಿಕೊಂಡವರಿಗೂ ಈ ಮಾತ್ರೆ ಬೇಕಾ ಎಂದು ಕೇಳಿದಳು. ಬೇಕು ಎಂದೆ. ಲೋಹವೋ ಪ್ಲಾಸ್ಟಿಕ್ಕೋ, ತನ್ನದಲ್ಲದ ವಸ್ತು ಒಳಗೆ ಹೋದರೆ ರಕ್ತ ಸುಮ್ಮನಿರುವುದಿಲ್ಲ, ಅದಕ್ಕಿನ್ನೂ ಹೆಚ್ಚೇ ಬೇಕಾಗಬಹುದು ಎಂದೆ. ಮೂಲೆಗಳನ್ನು ನುಣುಪು ಮಾಡುತ್ತಿದ್ದೇವೆ, ಹೊಸ ಪೊರೆ ಹುಡುಕುತ್ತಿದ್ದೇವೆ ಎಂದು ಇನ್ನೂ ಏನೇನೋ ಹೇಳುತ್ತಿದ್ದೆ. ಅವಳು ನನ್ನ ಮಾತು ಮುಗಿಯುವ ತನಕ ಕಾಯಲಿಲ್ಲ.

"ಅದೆಲ್ಲ ಮಾಡ್ಕಳಿ. ಹಾಕ್ಸ್ಕಂಡೋರ್ನ ಮನೆಗೆ ಕಳ್ಸೋವಾಗ ಮಾತ್ರ ಒಂದು ಹೇಳ್ಬುಡಿ ಕಣೇ," ಎಂದಳು ಅಕ್ಕ. "ಏನ್ ತಿನ್ಬಾರ್ದು ಅಂತಲ್ಲ. ಎಷ್ಟು ತಿನ್ಬೋದು ಅಂತ."